ಆರು ಡೈರಿ, ಅದೇ ನಾಲ್ಕು ಸಾಲು: ವರ್ಷದ ಪಾಠ ಯಾಕೆ ಪುಟದಲ್ಲೇ ಉಳಿಯುತ್ತದೆ?

ಪ್ರಶ್ನೆ: ನನಗೆ 41 ವರ್ಷ, ಉದ್ಯೋಗಸ್ಥೆ. ಆರು ವರ್ಷಗಳಿಂದ ಡಿಸೆಂಬರ್ ಕೊನೆಯ ವಾರದಲ್ಲಿ ‘ಈ ವರ್ಷ ಕಲಿತ ಪಾಠಗಳು’ ಎಂದು ಡೈರಿಯಲ್ಲಿ ಒಂದು ಪುಟ ಬರೆಯುವ ರೂಢಿ ಇಟ್ಟುಕೊಂಡಿದ್ದೇನೆ. ಕಳೆದ ವರ್ಷ ಒಂದರ ಹಿಂದೆ ಒಂದು ಪೆಟ್ಟು ಬಿತ್ತು. ಹಳೆಯ ಗೆಳತಿಗೆ ಎರಡು ತಿಂಗಳ ಸಂಬಳದಷ್ಟು ಸಾಲ ಕೊಟ್ಟೆ. ದುಡ್ಡೂ ಬರಲಿಲ್ಲ, ಮಾತೂ ನಿಂತುಹೋಯಿತು. ಆಸೆಪಟ್ಟು ಹೊಸ ಕೆಲಸಕ್ಕೆ ಸೇರಿದ ಐದನೇ ತಿಂಗಳಿಗೆ ನಮ್ಮ ವಿಭಾಗವನ್ನೇ ಮುಚ್ಚಿದರು. ಬೆನ್ನುನೋವನ್ನು ಅಲಕ್ಷಿಸಿ ಮೂರು ವಾರ ಹಾಸಿಗೆ ಹಿಡಿದೆ. ಸೆಪ್ಟೆಂಬರ್‌ನಲ್ಲಿ ಅಪ್ಪ ತೀರಿಕೊಂಡರು. ಈ ಸಲ ಬರೆಯುವ ಮುಂಚೆ ಹಳೆಯ ಡೈರಿಗಳನ್ನು ತಿರುವಿದರೆ ಆರೂ ವರ್ಷ ಹೆಚ್ಚುಕಡಿಮೆ ಅದೇ ನಾಲ್ಕು ಸಾಲು: ‘ಇಲ್ಲ ಎನ್ನಲು ಕಲಿಯಬೇಕು. ಯಾರನ್ನೂ ಸುಲಭಕ್ಕೆ ನಂಬಬಾರದು. ಆರೋಗ್ಯವೇ ಭಾಗ್ಯ. ದುಡುಕಬಾರದು.’ ನಾನು ಕಲಿಯುವವಳೇ ಅಲ್ಲವೇನೋ ಅನ್ನಿಸಿತು. ಆಪ್ತರು ‘ಆಗುವುದೆಲ್ಲ ಒಳ್ಳೆಯದಕ್ಕೇ’ ಎನ್ನುತ್ತಾರೆ. ಅಪ್ಪನ ಸಾವಿನಿಂದ ಕಲಿತದ್ದೇನು ಎಂದು ಬರೆಯಲು ಕೂತು ಎರಡು ರಾತ್ರಿ ನಿದ್ದೆ ಬರಲಿಲ್ಲ. ಇದಕ್ಕೆ ಸರಿಯಾದ ಕ್ರಮ ಇದೆಯೇ, ಅಥವಾ ಬಿಟ್ಟೇಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ಬರೆದ ಪಾಠ ನಡವಳಿಕೆಗೆ ಯಾಕೆ ಇಳಿಯುತ್ತಿಲ್ಲ ಎಂಬುದು ಒಂದು. ನಡೆದದ್ದಕ್ಕೆಲ್ಲ ಪಾಠ ಇರಲೇಬೇಕೇ ಎಂಬುದು ಇನ್ನೊಂದು. ಎರಡನೆಯದನ್ನು ಮೊದಲು ಇತ್ಯರ್ಥ ಮಾಡಿಬಿಡೋಣ, ಏಕೆಂದರೆ ನಿದ್ದೆ ಕೆಡಿಸಿದ್ದು ಅದು.

ಅಪ್ಪನ ಸಾವನ್ನು ಈ ಪಟ್ಟಿಯಿಂದ ಹೊರಗಿಡಿ. ನೀವು ತೆಗೆದುಕೊಂಡ ತೀರ್ಮಾನಗಳನ್ನು ತೂಗಿ ನೋಡಲು ವರ್ಷದ ಲೆಕ್ಕಾಚಾರ ನೆರವಾಗುತ್ತದೆ. ಅಗಲಿಕೆ ನಿಮ್ಮ ತೀರ್ಮಾನವಲ್ಲ; ಅದರಲ್ಲಿ ತಪ್ಪೊಪ್ಪು ಹುಡುಕಲು ಹೊರಟರೆ ಮನಸ್ಸು ಬೇರೆ ದಾರಿ ಕಾಣದೆ ‘ಇನ್ನೂ ಮುಂಚೆ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು’, ‘ಆ ಭಾನುವಾರ ಹೋಗಬೇಕಿತ್ತು’ ಎಂಬಲ್ಲಿಗೇ ಬಂದು ನಿಲ್ಲುತ್ತದೆ. ‘ಆಗುವುದೆಲ್ಲ ಒಳ್ಳೆಯದಕ್ಕೇ’ ಎನ್ನುವವರು ನಿಮ್ಮ ಮೇಲಿನ ಅಕ್ಕರೆಯಿಂದಲೇ ಹೇಳುತ್ತಾರೆ, ಆದರೆ ಆ ಮಾತು ಕೇಳಿದವರ ತಲೆಗೆ ಒಂದು ಹೆಚ್ಚುವರಿ ಕೆಲಸ ಹಚ್ಚುತ್ತದೆ: ಆ ಒಳ್ಳೆಯದು ಯಾವುದು ಎಂದು ಹುಡುಕುವ ಕೆಲಸ. ಕೆಲವು ವರ್ಷ ಕಳೆದ ಮೇಲೆ ಕೆಲವರಿಗೆ ಅರ್ಥ ಹೊಳೆಯುತ್ತದೆ, ಕೆಲವರಿಗೆ ಹೊಳೆಯುವುದಿಲ್ಲ. ಗಡುವು ಇಟ್ಟು ಹೊಳೆಯಿಸಿಕೊಳ್ಳುವ ವಿಷಯ ಅದಲ್ಲ.

ಈಗ ಆ ನಾಲ್ಕು ಸಾಲು. ಗೋಡೆ ಕ್ಯಾಲೆಂಡರಿನ ಅಡಿಯಲ್ಲಿ ಅಚ್ಚಾಗಿದ್ದರೂ ಯಾರೂ ಹುಬ್ಬೇರಿಸುತ್ತಿರಲಿಲ್ಲ. ನೀವು ಬರೆದ ಯಾವುದೇ ಪಾಠವನ್ನು ಪರೀಕ್ಷಿಸಲು ಒಂದು ಸುಲಭ ದಾರಿ ಇದೆ: ನಿಮ್ಮ ವರ್ಷವನ್ನು ಬದುಕದ ಅಪರಿಚಿತರೊಬ್ಬರು ಈ ವಾಕ್ಯವನ್ನು ಬರೆಯಬಹುದಿತ್ತೇ? ಬರೆಯಬಹುದಿತ್ತು ಎಂದಾದರೆ ಅದು ನಿಮ್ಮ ವರ್ಷದಿಂದ ಬಂದದ್ದಲ್ಲ, ಮೊದಲೇ ತಲೆಯಲ್ಲಿತ್ತು. ವರ್ಷದ ಕೊನೆಗೆ ಸುಸ್ತಾದ ಮನಸ್ಸು ಕೈಗೆ ಸಿಕ್ಕಿದ್ದನ್ನು ಎತ್ತಿಕೊಟ್ಟಿದೆ, ಅಷ್ಟೆ. ಆರು ವರ್ಷವೂ ಒಂದೇ ಸಾಲು ಬಂದದ್ದಕ್ಕೆ ಕಾರಣ ನಿಮ್ಮ ಸ್ವಭಾವಕ್ಕಿಂತ ಹೆಚ್ಚಾಗಿ ನೀವು ಬರೆಯುವ ವಿಧಾನ: ಡಿಸೆಂಬರ್‌ನಲ್ಲಿ, ನೆನಪಿನಿಂದ, ಒಂದೇ ಕೂರಿಕೆಯಲ್ಲಿ.

ನೆನಪನ್ನು ಇಷ್ಟು ನಂಬುವುದೇ ಮೊದಲ ತಪ್ಪು. 1986ರ ಜನವರಿಯಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟಗೊಂಡ ಮರುದಿನ ಬೆಳಿಗ್ಗೆ, ‘ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು’ ಎಂದು ಮನೋವಿಜ್ಞಾನಿ ಉಲ್ರಿಕ್ ನೈಸರ್ ತಮ್ಮ ವಿದ್ಯಾರ್ಥಿಗಳಿಂದ ಬರೆಯಿಸಿಕೊಂಡರು. ಸುಮಾರು ಎರಡೂವರೆ ವರ್ಷದ ನಂತರ ಮತ್ತೆ ಅದೇ ಪ್ರಶ್ನೆ. ಹಲವರ ಉತ್ತರ ತಮ್ಮದೇ ಕೈಬರಹಕ್ಕೆ ತಾಳೆಯಾಗಲಿಲ್ಲ, ಆದರೂ ಹೇಳುವಾಗ ಖಾತ್ರಿಯಿಂದಲೇ ಹೇಳಿದ್ದರು. ಸ್ಪಷ್ಟವಾಗಿ ನೆನಪಿದೆ ಅನ್ನಿಸುವುದು ಬೇರೆ, ಅದು ಸರಿ ಇರುವುದು ಬೇರೆ.

ಇಡೀ ವರ್ಷವನ್ನು ಒಟ್ಟಾಗಿ ನೆನೆಯುವಾಗ ಇನ್ನೊಂದು ಓರೆ ಸೇರಿಕೊಳ್ಳುತ್ತದೆ. ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನ ಒಮ್ಮೆ 14 ಡಿಗ್ರಿ ತಣ್ಣೀರಿನಲ್ಲಿ 60 ಸೆಕೆಂಡು ಕೈ ಇಟ್ಟರು. ಇನ್ನೊಮ್ಮೆ ಅದೇ 60 ಸೆಕೆಂಡಿನ ಜೊತೆಗೆ ಇನ್ನೂ 30 ಸೆಕೆಂಡು ಇಟ್ಟರು, ಆ 30 ಸೆಕೆಂಡಿನಲ್ಲಿ ನೀರು ನಿಧಾನಕ್ಕೆ 15 ಡಿಗ್ರಿಗೆ ಏರುತ್ತಿತ್ತು. ಯಾವುದನ್ನು ಮತ್ತೆ ಮಾಡುತ್ತೀರಿ ಎಂದಾಗ ಹೆಚ್ಚಿನವರು ಆರಿಸಿದ್ದು ಉದ್ದದ್ದನ್ನೇ, ಅಂದರೆ ಒಟ್ಟಾರೆ ಹೆಚ್ಚು ನೋವಿನದನ್ನು. ಮನಸ್ಸು ಅವಧಿಯನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ; ತೀವ್ರ ಕ್ಷಣಕ್ಕೂ ಕೊನೆಗೂ ಅಂಕ ಕೊಡುತ್ತದೆ. ನಿಮ್ಮ ವರ್ಷದ ಕೊನೆಯ ನಾಲ್ಕು ತಿಂಗಳು ದುಃಖದಲ್ಲಿ ಕಳೆದಿವೆ. ಆ ಬಣ್ಣ ಹಿಂದಿನ ಎಂಟು ತಿಂಗಳಿಗೂ ಹರಡಿದೆ. ಪತ್ರವನ್ನು ಮತ್ತೊಮ್ಮೆ ಓದಿ ನೋಡಿ, ಒಂದೇ ಒಂದು ಒಳ್ಳೆಯ ಘಟನೆಯ ಉಲ್ಲೇಖವೂ ಇಲ್ಲ. ಇರಲೇ ಇಲ್ಲವೆಂದು ನನಗೆ ನಂಬಿಕೆ ಬರುವುದಿಲ್ಲ.

ಮೂರನೆಯದು ಹೊಸ ಕೆಲಸದ ವಿಷಯಕ್ಕೆ ನೇರವಾಗಿ ತಾಗುತ್ತದೆ. ‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎಂಬ ಗಾದೆ ಅರ್ಧ ಮಾತ್ರ ಹೇಳುತ್ತದೆ. ತಡವಾಗಿ ಬಂದ ಬುದ್ಧಿ ಸುಮ್ಮನಿರುವುದಿಲ್ಲ, ‘ನನಗೆ ಮೊದಲೇ ಗೊತ್ತಿತ್ತು’ ಎಂದು ಸಾಕ್ಷಿ ಹೇಳಲು ನಿಲ್ಲುತ್ತದೆ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾ ಮತ್ತು ಸೋವಿಯತ್ ಒಕ್ಕೂಟಕ್ಕೆ ಹೋಗುವ ಮುನ್ನ, ಏನೇನು ಆಗಬಹುದು ಎಂದು ಬರೂಕ್ ಫಿಶಾಫ್ ಮತ್ತು ರೂತ್ ಬೈತ್ ಜನರಿಂದ ಅಂದಾಜು ಪಡೆದಿದ್ದರು. ಪ್ರವಾಸ ಮುಗಿದ ಮೇಲೆ ‘ನೀವು ಎಷ್ಟು ಅಂದಾಜು ಕೊಟ್ಟಿದ್ದಿರಿ’ ಎಂದು ಕೇಳಿದಾಗ, ನಡೆದ ಸಂಗತಿಗಳಿಗೆ ತಾವು ಹೆಚ್ಚೇ ಕೊಟ್ಟಿದ್ದೆವು ಎಂದು ನೆನಪಿಸಿಕೊಳ್ಳುವತ್ತ ಜನ ವಾಲಿದರು. ‘ದುಡುಕಿದೆ’ ಎಂದು ನೀವು ಬರೆದದ್ದೂ ಇದೇ ಆಗಿರಬಹುದು. ವಿಭಾಗ ಮುಚ್ಚುತ್ತದೆ ಎಂದು ಸೇರುವ ದಿನ ತಿಳಿಯಲು ಏನಾದರೂ ದಾರಿ ಇತ್ತೇ? ಕೇಳಬೇಕಾದ್ದನ್ನು ಕೇಳಿ, ಗೊತ್ತಿದ್ದವರೊಡನೆ ವಿಚಾರಿಸಿ ಸೇರಿದ್ದರೆ ಆ ತೀರ್ಮಾನ ಸರಿಯೇ ಇತ್ತು, ಫಲ ಕೆಟ್ಟಿತು. ಇವೆರಡನ್ನೂ ಒಂದಾಗಿಸಿ ‘ದುಡುಕಬಾರದು’ ಎಂದು ಬರೆದರೆ ಮುಂದಿನ ಒಳ್ಳೆಯ ಅವಕಾಶಕ್ಕೂ ಹಿಂಜರಿಯುತ್ತೀರಿ. ತೆನಾಲಿ ರಾಮಕೃಷ್ಣನ ಬೆಕ್ಕು ಕೂಡ ಪಾಠ ಕಲಿತಿತ್ತು, ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡು ಆಮೇಲೆ ತಣ್ಣನೆಯ ಹಾಲು ಕಂಡರೂ ಓಡುತ್ತಿತ್ತು. ಪಾಠ ಕಲಿಯದಿರುವುದಕ್ಕಿಂತ ತಪ್ಪು ಪಾಠವನ್ನು ಚೆನ್ನಾಗಿ ಕಲಿಯುವುದು ಹೆಚ್ಚು ದುಬಾರಿ. ಸಮಾಲೋಚನೆಗೆ ಬರುವವರಲ್ಲಿ ‘ನಾನು ಇನ್ನು ಯಾರನ್ನೂ ನಂಬುವುದಿಲ್ಲ’ ಎಂಬ ಪಾಠವನ್ನು ಹತ್ತು ವರ್ಷ ಹೊತ್ತು ತಂದವರು ಹೆಚ್ಚು ಸಿಗುತ್ತಾರೆ, ಮರೆತು ಬಂದವರು ಕಡಿಮೆ.

ಚಾಲ್ತಿಯಲ್ಲಿರುವ ಇನ್ನೆರಡು ನಂಬಿಕೆಗಳ ಬಗ್ಗೆ ಚುಟುಕಾಗಿ. 21 ದಿನ ಮಾಡಿದರೆ ಅಭ್ಯಾಸ ಆಗುತ್ತದೆ ಎನ್ನುವ ಮಾತಿನ ಮೂಲ, ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಒಂದು ಗಮನಿಕೆ: ರೋಗಿಗಳು ತಮ್ಮ ಬದಲಾದ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಸುಮಾರು 21 ದಿನ ಬೇಕು ಎಂದು. ‘ಕನಿಷ್ಠ’ ಎಂಬುದು ದಾರಿಯಲ್ಲಿ ಉದುರಿಹೋಯಿತು. ಲಂಡನ್ನಿನಲ್ಲಿ ಫಿಲಿಪಾ ಲಾಲಿ ತಂಡ 96 ಮಂದಿಯನ್ನು ಗಮನಿಸಿದಾಗ ಹೊಸ ರೂಢಿ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಹಿಡಿಯಿತು. ಒಬ್ಬೊಬ್ಬರದು ಒಂದೊಂದು, 18ರಿಂದ 254 ದಿನದ ವರೆಗೆ. ನಡುವೆ ಒಂದು ದಿನ ತಪ್ಪಿದರೆ ಕೆಲಸ ಕೆಡಲಿಲ್ಲ. ಇನ್ನೊಂದು ನಂಬಿಕೆ, ಬರೆದರೆ ಮನಸ್ಸು ಹಗುರ ಎಂಬುದು. ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೋವಿನ ಬಗ್ಗೆ ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆದವರ ಮನಸ್ಸು ಬರೆದ ತಕ್ಷಣ ಇನ್ನೂ ಭಾರವಾಗಿತ್ತು. ಲಾಭವೇನಾದರೂ ಕಂಡದ್ದು ತಿಂಗಳುಗಳ ಮೇಲೆ. ನಿಮ್ಮ ಎರಡು ರಾತ್ರಿಯ ಕಥೆ ಅಸಹಜವೇನಲ್ಲ. ರಾತ್ರಿ ಮಲಗುವ ಮುಂಚೆ ಬರೆಯಬಾರದಿತ್ತು, ಅಷ್ಟೆ.

ಹಾಗಾದರೆ ಮಾಡುವುದು ಹೇಗೆ? ಬೆಳಿಗ್ಗೆ ಅಥವಾ ಮಧ್ಯಾಹ್ನ, ಮೇಜಿನ ಮುಂದೆ, 45 ನಿಮಿಷಕ್ಕೆ ಅಲಾರಂ ಇಟ್ಟು ಕೂರಿ. ಮೊದಲ ದಿನ ಪಾಠ ಬರೆಯಬೇಡಿ, ಘಟನೆ ಮಾತ್ರ. ಹಾಳೆಯನ್ನು 12 ತಿಂಗಳಿಗೆ ಭಾಗ ಮಾಡಿ, ನೆನಪಿನಿಂದ ತುಂಬಿಸದೆ ದಾಖಲೆಯಿಂದ ತುಂಬಿಸಿ: ಫೋನಿನ ಫೋಟೋಗಳು, ಬ್ಯಾಂಕ್ ಪಾಸ್‌ಬುಕ್ಕು, ಆಫೀಸಿನ ಕ್ಯಾಲೆಂಡರ್, ಔಷಧಿ ಚೀಟಿಗಳು, ಹಳೆಯ ಮೆಸೇಜುಗಳು. ಮಾರ್ಚ್‌ನಲ್ಲಿ ಏನೂ ಆಗಲಿಲ್ಲ ಎಂದುಕೊಂಡವರಿಗೆ ಮಾರ್ಚ್ ತಿಂಗಳ ಫೋಟೋಗಳು ಬೇರೆಯೇ ಹೇಳುತ್ತವೆ. ಎಂಟು ಘಟನೆ ಸಾಕು, ಅವುಗಳಲ್ಲಿ ಮೂರಾದರೂ ಚೆನ್ನಾಗಿ ನಡೆದವು ಇರಲಿ. ಚೆನ್ನಾಗಿ ನಡೆದದ್ದು ಯಾಕೆ ನಡೆಯಿತು ಎಂಬುದು ಕೆಟ್ಟದ್ದರಷ್ಟೇ ಕಲಿಸುತ್ತದೆ, ಯಾರೂ ಕೇಳುವುದಿಲ್ಲ ಅಷ್ಟೆ. ಹಳೆಯ ಮೆಸೇಜು ತೆರೆಯುವಾಗ ಒಂದು ಅಪಾಯ ಇದೆ: ಒಂದು ದಿನಾಂಕ ಹುಡುಕಲು ಹೋಗಿ ಇಡೀ ಜಗಳವನ್ನು ಮರುಓದುತ್ತಾ ಗಂಟೆ ಕಳೆಯುತ್ತದೆ. ತಾರೀಖು, ಹೊತ್ತು ಗುರುತು ಹಾಕಿಕೊಂಡು ಮುಚ್ಚಿಬಿಡಿ.

ಎರಡು ದಿನ ಬಿಟ್ಟು ಎಂಟರಲ್ಲಿ ಒಂದನ್ನು ಆರಿಸಿ. ಆಯ್ಕೆಗೆ ಒಂದೇ ಮಾನದಂಡ: ಅದರಲ್ಲಿ ನಿಮ್ಮ ತೀರ್ಮಾನ ಇರಬೇಕು, ಅಂಥ ಸನ್ನಿವೇಶ ಮತ್ತೆ ಬರುವಂತಿರಬೇಕು. ನಿಮ್ಮ ಪಟ್ಟಿಯಲ್ಲಿ ಸಾಲದ ಘಟನೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಈಗ ಅದನ್ನು ಕ್ಯಾಮೆರಾ ಕಂಡಂತೆ ಬರೆಯಿರಿ. ‘ಅವಳು ನನ್ನನ್ನು ಬಳಸಿಕೊಂಡಳು’ ಎಂಬುದು ಕ್ಯಾಮೆರಾಕ್ಕೆ ಕಾಣದು. ಕಾಣುವುದು ಇಂಥದ್ದು ಎಂದಿಟ್ಟುಕೊಳ್ಳಿ: ಮಂಗಳವಾರ ರಾತ್ರಿ 9.40ಕ್ಕೆ ಫೋನ್ ಬಂತು. 12 ನಿಮಿಷ ಮಾತು. ಅವಳು ಅತ್ತಳು. 9.58ಕ್ಕೆ ಹಣ ವರ್ಗಾವಣೆಯಾಯಿತು. ಯಾವಾಗ ವಾಪಸ್ ಎಂಬ ಮಾತೇ ಬರಲಿಲ್ಲ. ಬರೆಯುವುದು ಕಷ್ಟವಾದರೆ ‘ನಾನು’ ಬಿಟ್ಟು ‘ಅವಳು’ ಎಂದು ನಿಮ್ಮ ಬಗ್ಗೆಯೇ ಬರೆಯಿರಿ: ‘ಫೋನ್ ಬಂದಾಗ ಅವಳು ದಣಿದಿದ್ದಳು, ಮಾತು ಬೇಗ ಮುಗಿದರೆ ಸಾಕಾಗಿತ್ತು.’ ಹೀಗೆ ಒಂದು ಹೆಜ್ಜೆ ಹಿಂದೆ ನಿಂತು ನೋಡಿದರೆ ಉದ್ವೇಗ ತಗ್ಗುತ್ತದೆ ಎಂಬುದು ಈಥನ್ ಕ್ರಾಸ್ ಅವರ ಸಂಶೋಧನೆಗಳಲ್ಲಿ ಕಂಡ ಸಂಗತಿ. ‘ನನಗೇ ಯಾಕೆ ಹೀಗಾಗುತ್ತದೆ’ ಎಂಬ ಪ್ರಶ್ನೆಯನ್ನಂತೂ ಹಾಕಿಕೊಳ್ಳಲೇಬೇಡಿ. ಅದು ಗಾಣದೆತ್ತಿನ ಸುತ್ತು. ‘ಯಾವ ಕ್ಷಣದಲ್ಲಿ, ಯಾವ ಮಾತಿಗೆ, ಏನು ಮಾಡಿದೆ’ ಎಂಬ ಪ್ರಶ್ನೆಗೆ ಉತ್ತರ ಇರುತ್ತದೆ.

ಕ್ಯಾಮೆರಾ ಬರಹದ ಕೆಳಗೆ ಮೂರು ಸಾಲು ಸೇರಿಸಿ. ಆ ಹೊತ್ತಿಗೆ ನನಗೆ ಗೊತ್ತಿದ್ದದ್ದೇನು, ಗೊತ್ತಿಲ್ಲದ್ದೇನು? ಇನ್ನೇನು ಮಾಡಬಹುದಿತ್ತು? ಫಲದಲ್ಲಿ ನನ್ನ ಪಾಲೆಷ್ಟು, ಉಳಿದವರದೂ ಅದೃಷ್ಟದ್ದೂ ಎಷ್ಟು? ಇದನ್ನು ಬರೆಯುವಾಗ ಬಹುಪಾಲು ಜನಕ್ಕೆ ಒಂದು ಅಚ್ಚರಿ ಕಾದಿರುತ್ತದೆ. ಮೇಲಿನ ಉದಾಹರಣೆಯನ್ನೇ ನೋಡಿ, ತೊಂದರೆ ಇರುವುದು ನಂಬಿದ್ದರಲ್ಲಿ ಅಲ್ಲವೇ ಅಲ್ಲ. ಹಳೆಯ ಗೆಳತಿಯನ್ನು ನಂಬದೆ ಇನ್ಯಾರನ್ನು ನಂಬುವುದು? ತೊಂದರೆ ಇರುವುದು ಆ 18 ನಿಮಿಷದಲ್ಲಿ. ದಣಿದ ರಾತ್ರಿ, ಅಳು ಕೇಳಿದಾಗ, ಕಳೆದುಕೊಂಡರೆ ತಡೆದುಕೊಳ್ಳಲಾಗದ ಮೊತ್ತವನ್ನು, ವಾಯಿದೆ ಇಲ್ಲದೆ ಕೊಟ್ಟದ್ದು. ‘ಯಾರನ್ನೂ ನಂಬಬಾರದು’ ಎಂಬ ಸಾಲು ಈ ನಾಲ್ಕರಲ್ಲಿ ಒಂದನ್ನೂ ತಡೆಯುವುದಿಲ್ಲ.

ಇಷ್ಟಾದ ಮೇಲೆ ಪಾಠವನ್ನು ‘ಹೀಗಾದಾಗ ಹೀಗೆ ಮಾಡುತ್ತೇನೆ’ ಎಂಬ ಅಚ್ಚಿನಲ್ಲಿ ಬರೆಯಿರಿ: ‘ಯಾರೇ ಫೋನಿನಲ್ಲಿ ದುಡ್ಡು ಕೇಳಿದರೆ, “ನಾಳೆ ಸಂಜೆ ನಾನೇ ಫೋನ್ ಮಾಡಿ ಹೇಳ್ತೀನಿ” ಎನ್ನುತ್ತೇನೆ.’ ಈ ಅಚ್ಚಿನ ಬಗ್ಗೆ ಮೊದಲು ವಿವರವಾಗಿ ಬರೆದವರು ಪೀಟರ್ ಗೋಲ್‌ವಿಟ್ಸರ್. 2006ರಲ್ಲಿ ಅವರೂ ಪಾಸ್ಕಲ್ ಶೀರನ್ ಅವರೂ 94 ಪ್ರಯೋಗಗಳನ್ನು ಒಟ್ಟಿಗೆ ತೂಗಿದಾಗ, ಬರೀ ಗುರಿ ಇಟ್ಟುಕೊಂಡವರಿಗಿಂತ ಹೀಗೆ ಸನ್ನಿವೇಶಕ್ಕೆ ಕ್ರಿಯೆಯನ್ನು ಗಂಟು ಹಾಕಿದವರು ಗುರಿ ಮುಟ್ಟುವುದು ಗಮನಾರ್ಹವಾಗಿ ಹೆಚ್ಚಿತ್ತು. ಕೆಡುವುದು ಎಲ್ಲಿ ಎಂದರೆ, ಸನ್ನಿವೇಶ ಮಸುಕಾಗಿದ್ದಾಗ. ‘ಒತ್ತಡ ಬಂದಾಗ’ ಎಂದು ಬರೆದರೆ ಒತ್ತಡ ಬಂದದ್ದೇ ಗೊತ್ತಾಗದೆ ಮುಗಿದಿರುತ್ತದೆ. ‘ಫೋನಿನಲ್ಲಿ ದುಡ್ಡು ಕೇಳಿದರೆ’ ಎಂಬುದನ್ನು ತಪ್ಪಿಸಿಕೊಳ್ಳಲು ಸಾಧ್ಯವಿಲ್ಲ. ಕ್ರಿಯೆ ‘ಬಾರದು’ ಎಂದು ಮುಗಿದರೂ ಕೆಡುತ್ತದೆ, ಏಕೆಂದರೆ ಆ ಕ್ಷಣಕ್ಕೆ ಬಾಯಿಗೆ ಬೇಕಾಗಿರುವುದು ಒಂದು ಸಿದ್ಧ ಮಾತು. ಆ ವಾಕ್ಯವನ್ನು ಜೋರಾಗಿ ನಾಲ್ಕೈದು ಸಲ ಹೇಳಿ ನೋಡಿ. ನಾಲಿಗೆ ತಡವರಿಸಿದರೆ ನಿಮ್ಮ ಮಾತಿನ ಧಾಟಿಗೆ ಬದಲಿಸಿಕೊಳ್ಳಿ.

ಪಾಠ ಡೈರಿಯಲ್ಲಿರುತ್ತದೆ, ತೀರ್ಮಾನ ಫೋನಿನಲ್ಲಿ ಆಗುತ್ತದೆ. ಆರು ವರ್ಷದ ಬರಹ ಕೆಲಸಕ್ಕೆ ಬಾರದಿರಲು ಇದೂ ಒಂದು ಕಾರಣ. ಆದ್ದರಿಂದ ಬರೆದದ್ದನ್ನು ತೀರ್ಮಾನ ಆಗುವ ಜಾಗಕ್ಕೇ ಒಯ್ಯಿರಿ. ಬ್ಯಾಂಕ್ ಆ್ಯಪ್‌ನಲ್ಲಿ ದಿನದ ವರ್ಗಾವಣೆ ಮಿತಿಯನ್ನು ತಗ್ಗಿಸಿಡಿ; ಹೆಚ್ಚಿಸಲು ಬೇಕಾಗುವ ಅಷ್ಟು ಹೊತ್ತೇ ಯೋಚನೆಗೆ ಬಿಡುವು. ಬೆನ್ನುನೋವಿಗೂ ಇದೇ ತರ್ಕ: ‘ಆರೋಗ್ಯವೇ ಭಾಗ್ಯ’ ಎಂದು ಬರೆಯುವ ಬದಲು, ವೈದ್ಯರು ಹೇಳಿದ ವ್ಯಾಯಾಮವನ್ನು ದಿನವೂ ತಪ್ಪದೆ ನಡೆಯುವ ಒಂದು ಕೆಲಸದ ಬೆನ್ನಿಗೆ ಕಟ್ಟಿ. ಹಲ್ಲುಜ್ಜಿದ ಕೂಡಲೇ, ಬಚ್ಚಲಿನ ಹೊರಗೇ ಹಾಸಿಟ್ಟ ಚಾಪೆಯ ಮೇಲೆ. ಒಂದು ವರ್ಷಕ್ಕೆ ಇಂಥ ಎರಡು ವಾಕ್ಯ ಸಾಕು. ಏಳು ಬರೆದವರು ಫೆಬ್ರವರಿಗೆ ಏಳನ್ನೂ ಮರೆತಿರುತ್ತಾರೆ.

ಬರೆದ ದಿನಕ್ಕೇ ಮುಂದಿನ ಓದಿನ ತಾರೀಖುಗಳನ್ನೂ ಗುರುತು ಹಾಕಿ: ಒಂದು ವಾರ, ಒಂದು ತಿಂಗಳು, ಮೂರು ತಿಂಗಳು, ಆರು ತಿಂಗಳು. ಪ್ರತಿ ಸಲ ಐದು ನಿಮಿಷ. ಸನ್ನಿವೇಶ ಬಂತೇ? ಬಂದಾಗ ಮಾತು ಹೊರಟಿತೇ? ಎರಡು ಸಲ ಬಂದು ಎರಡೂ ಸಲ ತಪ್ಪಿದರೆ ನಿಮ್ಮನ್ನು ಬೈದುಕೊಳ್ಳಬೇಡಿ, ವಾಕ್ಯ ಬದಲಿಸಿ. ಆರು ತಿಂಗಳಲ್ಲಿ ಒಮ್ಮೆಯೂ ಬಾರದಿದ್ದರೆ ಆ ಪಾಠ ನಿಮಗೆ ಅಷ್ಟು ಮುಖ್ಯವಲ್ಲ, ತೆಗೆದುಹಾಕಿ.

ವರ್ಷಕ್ಕೊಮ್ಮೆಯ ಬದಲು ಬೇರೆ ದಾರಿಗಳೂ ಇವೆ. ವಾರಕ್ಕೊಮ್ಮೆ 15 ನಿಮಿಷ ಬರೆದರೆ ನೆನಪಿನ ಓರೆ ಬಹಳ ಕಡಿಮೆಯಾಗುತ್ತದೆ, ಅಂದಿನ ತೀರ್ಮಾನ ಅಂದಿನ ತಿಳಿವಳಿಕೆಯೊಂದಿಗೇ ದಾಖಲಾಗುತ್ತದೆ. ನನ್ನ ಒಲವು ಇದರ ಕಡೆಗೇ. ಆದರೆ ಮೂರನೇ ವಾರಕ್ಕೆ ಬಿಟ್ಟುಹೋಗುವುದು, ಇಲ್ಲವೇ ದೂರುಗಳ ಪಟ್ಟಿಯಾಗುವುದು ಇದರ ಮಾಮೂಲಿ ಗತಿ. ‘ಈ ವಾರ ತೆಗೆದುಕೊಂಡ ಒಂದು ತೀರ್ಮಾನ, ಅದಕ್ಕೆ ಕಾರಣ, ಏನಾಗಬಹುದೆಂಬ ಊಹೆ’ ಎಂದು ಮೂರೇ ಸಾಲಿಗೆ ಕಟ್ಟಿಹಾಕಿದರೆ ಎರಡೂ ತಪ್ಪುತ್ತವೆ. ಇನ್ನೊಬ್ಬರೊಡನೆ ಕೂತು ಮಾತಾಡುವುದೂ ಒಳ್ಳೆಯದೇ, ಆದರೆ ಹೌದಪ್ಪ ಹೌದಪ್ಪ ಎನ್ನುವವರನ್ನೇ ಆರಿಸಿಕೊಂಡರೆ ಇಬ್ಬರೂ ಸೇರಿ ಗಾಯ ಕೆರೆದ ಹಾಗಾಗುತ್ತದೆ. ‘ಆವತ್ತು ನಿನಗೆ ಏನು ಗೊತ್ತಿತ್ತು?’ ಎಂದು ಮರುಪ್ರಶ್ನೆ ಹಾಕುವವರು ಬೇಕು. ಏನೂ ಮಾಡದೆ ಒಂದು ವರ್ಷ ಬಿಟ್ಟುಬಿಡುವುದು ಕೂಡ ಒಂದು ದಾರಿಯೇ. ದುಃಖ ಹಸಿಯಾಗಿರುವಾಗ ಹಲವರಿಗೆ ಅದನ್ನೇ ಹೇಳುತ್ತೇವೆ. ಅದರ ಅಪಾಯ, ದುಡ್ಡಿನಂಥ, ಆರೋಗ್ಯದಂಥ ವಿಷಯಗಳನ್ನೂ ದುಃಖದ ನೆಪದಲ್ಲಿ ಮುಂದೂಡುತ್ತಾ ಹೋಗುವುದು.

ಒಂದು ಗೆರೆ ಮಾತ್ರ ಸ್ಪಷ್ಟವಾಗಿರಲಿ. ಬರೆದರೂ ಬರೆಯದಿದ್ದರೂ ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಬಹುಪಾಲು ಮಂಕು ಕವಿದಿದ್ದರೆ, ನಿದ್ದೆ ಅಥವಾ ಹಸಿವು ಕೆಟ್ಟಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಾದರೆ, ಎಲ್ಲವೂ ನನ್ನಿಂದಲೇ ಆಯಿತು ಎಂಬ ಯೋಚನೆ ಬಿಡದೆ ಕಾಡಿದರೆ ಪುಸ್ತಕ ಪೆನ್ನಿನಿಂದ ಪರಿಹಾರ ಹುಡುಕಬೇಡಿ, ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಬದುಕುವುದೇ ಬೇಡ ಎಂಬ ಯೋಚನೆ ಸುಳಿದರೆ ವಾರ ಕಾಯುವ ಮಾತಿಲ್ಲ, ಅದೇ ದಿನ ಮನೆಯವರಿಗೆ ಹೇಳಿ ಆಸ್ಪತ್ರೆಗೆ ಹೋಗಿ.

ನಿಮ್ಮ ಕೊನೆಯ ಪ್ರಶ್ನೆಗೆ, ಬಿಟ್ಟೇಬಿಡಲೇ ಎಂಬುದಕ್ಕೆ: ಈ ಸಲ ವರ್ಷದ ಪುಟವನ್ನು ಬಿಡಿ. ಸಾಲದ ಘಟನೆಯೊಂದನ್ನು ಮಾತ್ರ ಮೇಲೆ ಹೇಳಿದಂತೆ ಬರೆಯಿರಿ. ಬೆನ್ನಿನ ವ್ಯಾಯಾಮಕ್ಕೆ ಚಾಪೆ ಹಾಸಿಡಿ. ಕೆಲಸ ಹೋದ ವಿಷಯದಲ್ಲಿ ಸೇರುವಾಗ ಏನೇನು ವಿಚಾರಿಸಿದ್ದಿರಿ ಎಂದು ಪಟ್ಟಿ ಮಾಡಿ ನೋಡಿ. ಪಟ್ಟಿ ಸಾಕಷ್ಟು ಉದ್ದವಿದ್ದರೆ ‘ದುಡುಕಬಾರದು’ ಎಂಬ ಸಾಲನ್ನು ಆರೂ ಡೈರಿಯಲ್ಲಿ ಹೊಡೆದುಹಾಕಬಹುದು. ಅಪ್ಪನ ಬಗ್ಗೆ ಬರೆಯಬೇಕೆನ್ನಿಸಿದರೆ ಬೇರೆ ಪುಸ್ತಕದಲ್ಲಿ ಬರೆಯಿರಿ, ಪಾಠಕ್ಕಾಗಿ ಅಲ್ಲ, ಅವರು ಹೇಗಿದ್ದರು ಎಂಬುದನ್ನು.